ನವೆಂಬರ್ ಬಂದರೆ ಇಡೀ ಹೈಸ್ಕೂಲಿಗೆ ಜ್ವರ

ಪ್ರಶ್ನೆ ಕೇಳಿದವರು ಬೆಂಗಳೂರಿನಲ್ಲಿ ಓದಿದವರಂತೆ. ಒಂದೊಂದು ಕ್ಲಾಸಿಗೆ ಏಳೆಂಟು ಸೆಕ್ಷನ್ ಇದ್ದ ದೊಡ್ಡ ಶಾಲೆ. "ಹಳ್ಳಿಯ ಸಣ್ಣ ಹೈಸ್ಕೂಲಿನಲ್ಲಿ ಓದೋದು ಹೇಗಿರುತ್ತೆ? ಕಾಮಿಡಿ ಶೋಗಳಲ್ಲಿ ತೋರಿಸುವಷ್ಟು ತಮಾಷೆ ನಿಜಕ್ಕೂ ಇರುತ್ತಾ?" ಅಂತ ಕೇಳಿದ್ದಾರೆ.

ಇರುತ್ತೆ. ಆದರೆ ಅದು ಬೇರೆ ತರಹದ ತಮಾಷೆ. ಟಿವಿಯಲ್ಲಿ ಹಳ್ಳಿ ಹುಡುಗ ಅಂದರೆ ಪೆದ್ದ, ಮೇಷ್ಟ್ರು ಅಂದರೆ ಕುರ್ಚಿಯಲ್ಲಿ ಗೊರಕೆ ಹೊಡೆಯುವವರು. ನಮ್ಮ ಮೇಷ್ಟ್ರು ನಿದ್ದೆ ಮಾಡಿದ್ದನ್ನು ನಾನು ಮೂರು ವರ್ಷದಲ್ಲಿ ಒಂದು ಸಲವೂ ನೋಡಿಲ್ಲ. ಗೊರಕೆ ಹೊಡೆಯುತ್ತಿದ್ದವರು ನಾವು. ಅದಕ್ಕೆ ಕಾರಣ ಇತ್ತು, ಆಮೇಲೆ ಹೇಳುತ್ತೇನೆ.

ನಾನು ಓದಿದ್ದು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ. 2005ರ ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಸೇರಿದೆ, 2008ರಲ್ಲಿ ಎಸ್ಸೆಸ್ಸೆಲ್ಸಿ ಬರೆದೆ. ಮೂರೇ ಕ್ಲಾಸು, ಒಂದೊಂದೇ ಸೆಕ್ಷನ್. ಎಲ್ಲ ಸೇರಿ ನೂರು ಜನವೂ ಇರಲಿಲ್ಲ. ಹೆಡ್‌ಮಾಸ್ಟರ್ ಸೇರಿ ಆರು ಮೇಷ್ಟ್ರು. ಗಂಟೆ ಅಂದರೆ ಮಾವಿನ ಮರಕ್ಕೆ ನೇತು ಹಾಕಿದ ರೈಲು ಕಂಬಿಯ ತುಂಡು. ನಮ್ಮೂರಿಗೆ ರೈಲು ಬಂದಿರಲಿಲ್ಲ, ಕಂಬಿ ಮಾತ್ರ ಹೇಗೋ ಬಂದಿತ್ತು.

ಮಳೆಯಿಂದಲೇ ಶುರು ಮಾಡುತ್ತೇನೆ, ಶಾಲೆ ಶುರುವಾಗುತ್ತಿದ್ದದ್ದೂ ಮಳೆ ಜೊತೆಗೇ. ಆಗುಂಬೆಯ ಹೆಸರು ಎಲ್ಲರಿಗೂ ಗೊತ್ತು. ನಮ್ಮ ತಾಲ್ಲೂಕಿನ ಹುಲಿಕಲ್ ಮಳೆಯಲ್ಲಿ ಅದಕ್ಕೇನೂ ಬಿಟ್ಟುಕೊಡಲ್ಲ, ಪ್ರಚಾರ ಕಮ್ಮಿ ಅಷ್ಟೇ. ಜುಲೈನಲ್ಲಿ ಹೆಂಚಿನ ಮೇಲೆ ಮಳೆ ಸುರಿಯಲು ಶುರುವಾದರೆ ಮೇಷ್ಟ್ರ ಮಾತು ಎರಡನೇ ಬೆಂಚಿಗೆ ಮುಟ್ಟುತ್ತಿರಲಿಲ್ಲ. ಸಮಾಜದ ಮೇಷ್ಟ್ರು ಪಾಣಿಪತ್ ಯುದ್ಧವನ್ನು ಕೈ ಬೀಸಿ, ಕಣ್ಣು ಅರಳಿಸಿ ಹೇಳುತ್ತಿದ್ದರು. ನಮಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಯಾರು ಗೆದ್ದರು ಅಂತ ಗೊತ್ತಾಗಬೇಕಾದರೆ ಮಳೆ ನಿಲ್ಲಬೇಕಿತ್ತು. ಸೋರುವ ಕಡೆಯೆಲ್ಲ ಬಕೆಟ್ ಇಡುತ್ತಿದ್ದೆವು. ಹಾಜರಿ ಕರೆದು ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ "ಬಕೆಟ್ ಐದು, ಎಲ್ಲ ಹಾಜರ್ ಸಾರ್" ಅನ್ನುತ್ತಿದ್ದ.

ಮಳೆಗೆ ರಜೆ ಕೊಡುತ್ತಿದ್ದರು, ನಿಜ. ಆದರೆ ಆಗ ಯಾರ ಮನೆಯಲ್ಲಿ ಮೊಬೈಲ್ ಇತ್ತು? ನಾಲ್ಕು ಕಿಲೋಮೀಟರ್ ನೆನೆಯುತ್ತಾ ನಡೆದು ಬಂದ ಮೇಲೆ "ಇವತ್ತು ರಜೆ ಕಣ್ರೋ" ಅನ್ನೋರು. ಮತ್ತೆ ನಾಲ್ಕು ಕಿಲೋಮೀಟರ್ ವಾಪಸ್.

ಮಳೆ ಜೊತೆ ಉಂಬಳ. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ: ರಕ್ತ ಹೀರುವ ಸಣ್ಣ ಜಿಗಣೆ. ಕಚ್ಚಿದ್ದು ಗೊತ್ತೇ ಆಗಲ್ಲ, ಎದ್ದು ಹೋದ ಮೇಲೆ ರಕ್ತ ನೋಡಿ ಗೊತ್ತಾಗೋದು. ನಮ್ಮ ಪಿಟಿ ಮೇಷ್ಟ್ರದ್ದು ಒಂದು ಕಾಯಿದೆ ಇತ್ತು. ರಾಷ್ಟ್ರಗೀತೆ ಹಾಡುವ 52 ಸೆಕೆಂಡು ಯಾರೂ ಅಲ್ಲಾಡಬಾರದು, ಉಂಬಳ ಅಲ್ಲ, ಹಾವು ಬಂದರೂ ಅಲ್ಲಾಡಬಾರದು. ಅಲ್ಲಾಡಿದರೆ ಮೈದಾನಕ್ಕೆ ಐದು ಸುತ್ತು. ಒಂದು ದಿನ ಜನಗಣಮನ ಶುರುವಾಯಿತು. ನಮ್ಮೆದುರು ನಿಂತಿದ್ದ ಪಿಟಿ ಮೇಷ್ಟ್ರ ಬಿಳಿ ಪ್ಯಾಂಟಿನ ಮೇಲೆ ಒಂದು ಉಂಬಳ ಏರುತ್ತಿತ್ತು. "ಪಂಜಾಬ ಸಿಂಧು" ಹೊತ್ತಿಗೆ ಮಂಡಿ ದಾಟಿತು. "ವಿಂಧ್ಯ ಹಿಮಾಚಲ" ಹೊತ್ತಿಗೆ ಅದೂ ಹಿಮಾಚಲ ಹತ್ತುತ್ತಿತ್ತು. ಮುಂದಿನ ಸಾಲಿನವರೆಲ್ಲ ನೋಡಿದೆವು. ಅವರೂ ನೋಡಿದರು. ಯಾರೂ ಅಲ್ಲಾಡಲಿಲ್ಲ, ಅವರು ಮೊದಲೇ ಅಲ್ಲಾಡಲಿಲ್ಲ. "ಜಯ ಜಯ ಜಯ ಜಯಹೇ" ಮುಗಿದದ್ದೇ ತಡ, "ವಿಶ್ರಾಮ್" ಅನ್ನೋದನ್ನೂ ಮರೆತು ಸ್ಟಾಫ್ ರೂಮಿಗೆ ಓಡಿದರು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಅವತ್ತೇ.

ಹಿಂದಿ ಕ್ಲಾಸಿನದ್ದೂ ಒಂದು ಹೇಳಿಬಿಡುತ್ತೇನೆ. ಹಿಂದಿಯಲ್ಲಿ ಜೀವ ಇಲ್ಲದ ವಸ್ತುಗಳಿಗೂ ಗಂಡು ಹೆಣ್ಣು ಇದೆ ಅಲ್ವಾ? ಮೇಷ್ಟ್ರು ಪಟ್ಟಿ ಬರೆಸುತ್ತಿದ್ದರು. ಲಾರಿ ಸ್ತ್ರೀಲಿಂಗ, ಟ್ರಕ್ ಪುಲ್ಲಿಂಗ. ನಮ್ಮ ಕ್ಲಾಸಿನ ಒಬ್ಬನ ಅಪ್ಪ ಲಾರಿ ಡ್ರೈವರ್. ಅವನು ಎದ್ದು ನಿಂತು ಕೇಳಿದ, "ಸಾರ್, ನಮ್ಮಪ್ಪನ ಗಾಡಿಗೆ ಊರಲ್ಲಿ ಲಾರಿ ಅಂತಾರೆ, ಸಾಹುಕಾರರು ಟ್ರಕ್ ಅಂತಾರೆ. ಈಗ ಅದು ಗಂಡೋ ಹೆಣ್ಣೋ?" ಮೇಷ್ಟ್ರು ಸೀಮೆಸುಣ್ಣ ಹಿಡಿದು ಸುಮಾರು ಹೊತ್ತು ನಿಂತರು. ಆಮೇಲೆ, "ಪರೀಕ್ಷೆಗೆ ಬರಲ್ಲ, ಕೂತ್ಕೊ" ಅಂದರು. ನನ್ನ ಪ್ರಕಾರ ಆ ಮೂರು ವರ್ಷದಲ್ಲಿ ಯಾರಾದರೂ ಕೇಳಿದ ಒಳ್ಳೆ ಪ್ರಶ್ನೆ ಅದೊಂದೇ.

ದೊಡ್ಡ ಶಾಲೆಗೂ ನಮ್ಮದಕ್ಕೂ ಇದ್ದ ವ್ಯತ್ಯಾಸ ಅಂದರೆ ನಮ್ಮಲ್ಲಿ ಬಚ್ಚಿಟ್ಟುಕೊಳ್ಳಲು ಜಾಗ ಇರಲಿಲ್ಲ. ನಿಮ್ಮ ಮಾರ್ಕ್ಸ್ ಕಾರ್ಡನ್ನು ನೀವು ನಾಲ್ಕು ದಿನ ಬ್ಯಾಗಿನ ತಳದಲ್ಲಿ ಇಡಬಹುದಿತ್ತು. ನಮ್ಮ ಗಣಿತದ ಮೇಷ್ಟ್ರು ನಮ್ಮ ಮನೆಯಿಂದಲೇ ಹಾಲು ಕೊಳ್ಳುತ್ತಿದ್ದರು! ಬೆಳಿಗ್ಗೆ ಆರೂವರೆಗೆ ಬಂದು ಅರ್ಧ ಲೀಟರ್ ಹಾಲು ತಗೊಂಡು, ಬದಲಿಗೆ ನನ್ನ ಟೆಸ್ಟಿನ ಮಾರ್ಕ್ಸ್ ಕೊಟ್ಟು ಹೋಗುತ್ತಿದ್ದರು. ಒಂದು ಸಲ 25ಕ್ಕೆ 7 ಬಂದಿತ್ತು. ನಾನು ಇನ್ನೂ ಹಾಸಿಗೆಯಲ್ಲಿದ್ದೆ, ಅಮ್ಮ ಕೈಯಲ್ಲಿ ಸೌಟು ಹಿಡಿದೇ ಬಂದಳು. ಮಾರನೇ ದಿನ ಸಿಟ್ಟಿಗೆ ಅವರ ಪಾತ್ರೆಗೆ ಒಂದು ಲೋಟ ನೀರು ಸುರಿದೆ. ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಿದ್ದೆ. ಅವತ್ತು ಎರಡನೇ ಪೀರಿಯಡ್‌ನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ "ಮಿಶ್ರಣದ ಲೆಕ್ಕ" ಅಂತ ಬರೆದು, ನನ್ನ ಕಡೆ ತಿರುಗಿ, "ಅರ್ಧ ಲೀಟರ್ ಪಾತ್ರೆಯಲ್ಲಿ ಒಂದು ಲೋಟ ನೀರಿದೆ. ಹಾಲಿಗೂ ನೀರಿಗೂ ಇರುವ ಅನುಪಾತ ಎಷ್ಟಪ್ಪಾ?" ಅಂದರು. ಲೋಟ ಎಷ್ಟು ದೊಡ್ಡದು ಅಂತ ನನ್ನ ಬಾಯಿಂದ ಬರಲಿ ಅಂತ ಕಾಯುತ್ತಿದ್ದರು. ನಾನೂ ಹೇಳಿಬಿಟ್ಟೆ.

ಸೈಕಲ್ ವಿಷಯ ಹೇಳಿದರೆ ಈಗಲೂ ಹೊಟ್ಟೆ ಉರಿಯುತ್ತೆ. ಸರ್ಕಾರ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಆಗ ನಾವು ಒಂಬತ್ತನೇ ಕ್ಲಾಸು. ಫೇಲಾಗಿದ್ದರೆ ಒಂದು ಸೈಕಲ್ ಆದರೂ ಸಿಗುತ್ತಿತ್ತು ಅಂತ ಪಾಸಾದವರೆಲ್ಲ ಕೊರಗಿದೆವು.

ಈಗ ಗೊರಕೆ ವಿಷಯಕ್ಕೆ ಬರುತ್ತೇನೆ.

ನವೆಂಬರ್, ಡಿಸೆಂಬರ್ ಅಂದರೆ ನಮ್ಮ ಕಡೆ ಅಡಿಕೆ ಕೊಯ್ಲು. ಕೊನೆ, ಅಂದರೆ ಅಡಿಕೆ ಗೊನೆ, ಇಳಿಸಿದ ಮೇಲೆ ಕಾಯಿ ಹಸಿ ಇರುವಾಗಲೇ ಸುಲಿದು ಬೇಯಿಸಬೇಕು, ಬಿಟ್ಟರೆ ಕೆಡುತ್ತೆ. ಊಟ ಮುಗಿಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿ ಒಂದು ಗಂಟೆ ಆದರೂ ಏಳುವ ಹಾಗಿರಲಿಲ್ಲ. ನಮ್ಮದೇ ಅಡಿಕೆ ಸುಲಿದವರು ಕೆಲವರು. ಬೇರೆಯವರ ಮನೆಗೆ ಹೋಗಿ ಡಬ್ಬಕ್ಕಿಷ್ಟು ಅಂತ ಸುಲಿದು ನೋಟ್‌ಬುಕ್ಕಿಗೆ ದುಡ್ಡು ಮಾಡಿಕೊಂಡವರೇ ಜಾಸ್ತಿ. ಮಾರನೇ ದಿನ ಕ್ಲಾಸಿಗೆ ಬಂದರೆ ನಿದ್ದೆ. ಬರದಿದ್ದರೆ ರಜಾ ಅರ್ಜಿ.

ತೊಂದರೆ ಇದ್ದದ್ದು ಅರ್ಜಿಯಲ್ಲಿ. ಇಂಗ್ಲಿಷ್ ಮೇಷ್ಟ್ರು ಅದನ್ನು ಇಂಗ್ಲಿಷಿನಲ್ಲೇ ಬರೆಯಬೇಕು ಅನ್ನುತ್ತಿದ್ದರು. ನಾವು ಎ ಬಿ ಸಿ ಡಿ ಕಲಿತದ್ದೇ ಐದನೇ ಕ್ಲಾಸಿನಲ್ಲಿ. ನಮಗೆ ಬಾಯಿಪಾಠ ಇದ್ದ ಕಾರಣ ಒಂದೇ: "ಆಸ್ ಐ ಯಾಮ್ ಸಫರಿಂಗ್ ಫ್ರಮ್ ಫೀವರ್." ಅಡಿಕೆ ಸುಲಿತಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಯಾರಿಗೆ ಗೊತ್ತು? ಸುಲಿತಕ್ಕೂ ಫೀವರ್. ಅಕ್ಕನ ಮದುವೆಗೂ ಫೀವರ್. ಎಮ್ಮೆ ಕರು ಹಾಕಿದ್ದಕ್ಕೂ ಫೀವರ್.

2006ರ ಡಿಸೆಂಬರಿನ ಒಂದು ವಾರ ಮೂವತ್ತಕ್ಕೂ ಜಾಸ್ತಿ ಫೀವರ್ ಅರ್ಜಿ ಬಂದವು. ಹೆಡ್‌ಮಾಸ್ಟರ್ ಆ ವರ್ಷವಷ್ಟೇ ಬಯಲುಸೀಮೆಯಿಂದ ವರ್ಗವಾಗಿ ಬಂದವರು. ಅವರಿಗೆ ಅಡಿಕೆ ಗೊತ್ತಿರಲಿಲ್ಲ, ಮಂಗಗಳನ್ನು ಕೊಂದು ಮನುಷ್ಯರಿಗೂ ಜ್ವರ ತರುವ ಮಂಗನ ಕಾಯಿಲೆಯ ಹೆಸರು ಗೊತ್ತಿತ್ತು. ಆ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಪಾಪ, ಹೆದರಿದರು. ಹೆದರಿದ್ದರಲ್ಲಿ ತಪ್ಪಿಲ್ಲ, ಆ ಕಾಯಿಲೆಗೆ ಜನ ಸಾಯುತ್ತಾರೆ. ಪ್ರಾರ್ಥನೆ ಹೊತ್ತಿಗೆ ಬಂದು, "ನಿಮ್ಮೂರಲ್ಲಿ ಎಲ್ಲಾದರೂ ಮಂಗ ಸತ್ತಿದ್ದು ನೋಡಿದ್ರೇನ್ರೋ?" ಅಂತ ಕೇಳಿದರು. ಎಂಟನೇ ಕ್ಲಾಸಿನ ಒಬ್ಬ ಕೈ ಎತ್ತಿ, "ಇಲ್ಲ ಸಾರ್, ಎಲ್ಲ ಆರಾಮಾಗಿವೆ. ನಿನ್ನೆ ನಮ್ಮನೆ ಬಾಳೆಗೊನೆ ತಿಂದು ಹೋದವು" ಅಂದ.

ಮೂರನೇ ದಿನ ಆರೋಗ್ಯ ಸಹಾಯಕರು ಚೀಲ ನೇತು ಹಾಕಿಕೊಂಡು ಬಂದರು. ಫೀವರ್ ಬಂದವರನ್ನೆಲ್ಲ ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿದರು. ಬೆರಳು ಚುಚ್ಚಿ ರಕ್ತ ತೆಗೆಯಬೇಕು. ಮೊದಲನೇ ಹುಡುಗ ಕೈ ಚಾಚಿದ. ಬೆರಳು ಕಪ್ಪು. ಎರಡನೆಯವನದೂ ಕಪ್ಪು. ಮೂರನೆಯವಳದೂ. ಹಸಿ ಅಡಿಕೆ ಸುಲಿದರೆ ಆ ಕಲೆ ಸೋಪಿಗೆ ಬಗ್ಗಲ್ಲ, ವಾರಗಟ್ಟಲೆ ಇರುತ್ತೆ. ಅವರು ನಮ್ಮ ಕಡೆಯವರೇ. ಸಾಲಿನ ಉದ್ದಕ್ಕೂ ಒಮ್ಮೆ ಕೈಗಳನ್ನು ನೋಡಿಕೊಂಡು ಹೋಗಿ, ಹೆಡ್‌ಮಾಸ್ಟರ್ ಹತ್ತಿರ ಬಂದು, "ಸಾರ್, ಇದು ಸುಲಿತದ ಜ್ವರ. ಸಂಕ್ರಾಂತಿ ಹೊತ್ತಿಗೆ ತಾನೇ ಇಳಿಯುತ್ತೆ" ಅಂದರು.

ನಾವು ಬಚಾವಾದೆವು ಅಂದುಕೊಂಡೆವು. ಅವರು ಚೀಲ ಬಿಚ್ಚಿದರು. "ಬಂದಿದ್ದೀನಿ, ಗಾಜಿನ ಪಟ್ಟಿಯೂ ತಂದಿದ್ದೀನಿ. ಸುಮ್ನೆ ವಾಪಸ್ ತಗೊಂಡು ಹೋಗೋದ್ಯಾಕೆ?" ಅಂತ ಎಲ್ಲರಿಗೂ ಚುಚ್ಚಿದರು. ಇಂಗ್ಲಿಷ್ ಮೇಷ್ಟ್ರು ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದರು. ಆ ವಾರ ನಿಜವಾಗಿ ಜ್ವರ ಬಂದಿದ್ದ ಹುಡುಗ ಒಬ್ಬನೇ. ಅವನು ಅರ್ಜಿಯೇ ಕೊಟ್ಟಿರಲಿಲ್ಲ. ಜ್ವರದಲ್ಲಿ ಮಲಗಿದವನು ಅರ್ಜಿ ಎಲ್ಲಿ ಬರೀತಾನೆ? ವಾಪಸ್ ಬಂದ ಮೇಲೆ ಹೇಳದೆ ಕೇಳದೆ ರಜೆ ಹಾಕಿದ್ದಕ್ಕೆ ಬೈಸಿಕೊಂಡ.

ಮಾರನೇ ದಿನ ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಹೊಸ ವಾಕ್ಯ ಬರೆದರು: "ಆಸ್ ಐ ಯಾಮ್ ಪೀಲಿಂಗ್ ಅರೆಕಾನಟ್." ಹತ್ತು ಸಲ ಬರೆಸಿದರು. "ನಿಜ ಬರೀರಿ, ನಾನು ರಜೆ ಕೊಡ್ತೀನಿ" ಅಂದರು. ಕೊಟ್ಟರು ಕೂಡ. ನಾವೂ ಚೆನ್ನಾಗಿ ಬಾಯಿಪಾಠ ಮಾಡಿದೆವು. ಸಂಕ್ರಾಂತಿಯವರೆಗೆ ಶಾಲೆಯಲ್ಲಿ ಒಬ್ಬರಿಗೂ ಜ್ವರ ಬರಲಿಲ್ಲ.

ಮುಂದಿನ ಜುಲೈ. ಧೋ ಅಂತ ಮಳೆ. ತೋಟದಲ್ಲಿ ಅಡಿಕೆ ಇನ್ನೂ ಎಳೆ ಕಾಯಿ, ಮನೆಯವರೆಲ್ಲ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಗಡಿಬಿಡಿಯಲ್ಲಿದ್ದರು. ಎಂಟನೇ ಕ್ಲಾಸಿನಲ್ಲಿದ್ದಾಗ ಮಂಗಗಳ ಯೋಗಕ್ಷೇಮ ಹೇಳಿದ್ದನಲ್ಲ, ಅದೇ ಹುಡುಗ ಮೂರು ದಿನ ಬಂದಿರಲಿಲ್ಲ. ನಾಲ್ಕನೇ ದಿನ ಕಂಬಳಿ ಹೊದ್ದು, ಕೆಮ್ಮುತ್ತಾ, ಕಣ್ಣು ಕೆಂಪಗೆ ಮಾಡಿಕೊಂಡು ಬಂದು ಅರ್ಜಿ ಕೊಟ್ಟ. ಮೇಷ್ಟ್ರು ಓದಿದರು. ಒಮ್ಮೆ ಅವನ ಮುಖ ನೋಡಿದರು, ಒಮ್ಮೆ ಕಿಟಕಿಯಾಚೆ ಮಳೆ ನೋಡಿದರು. ಕೊನೆಗೆ ಅವನ ಹಣೆ ಮುಟ್ಟಿ ನೋಡಿ, "ಸುಡ್ತಾ ಇದೆಯಲ್ಲೋ ಮಾರಾಯ, ಎಷ್ಟು ಡಬ್ಬ ಸುಲಿದೆ?" ಅಂದರು.