ದೊಡ್ಡಪತ್ರೆ ಸಾರಕ್ಕೆ ಇ. ಕೋಲಿ ಯಾಕೆ ಜಗ್ಗಲಿಲ್ಲ?

ದೊಡ್ಡಪತ್ರೆಯ ಮೆಥನಾಲ್ ಸಾರ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ ತಟ್ಟೆಯಲ್ಲಿ ವಲಯ (ಬ್ಯಾಕ್ಟೀರಿಯಾ ಬೆಳೆಯದ ಖಾಲಿ ಸುತ್ತು) ಕೊಟ್ಟಿತು, ಇ. ಕೋಲಿ ತಟ್ಟೆಯಲ್ಲಿ ಏನೂ ಇಲ್ಲ, ಪ್ರಯೋಗ ಕೆಟ್ಟಿತಾ ಅಂತ ಕೇಳಿದ್ದೀರಿ. ಕೆಟ್ಟಿರಲೇಬೇಕು ಅಂತೇನಿಲ್ಲ. ಇ. ಕೋಲಿ ಗ್ರಾಂ ನೆಗೆಟಿವ್ ಗುಂಪಿನ ಬ್ಯಾಕ್ಟೀರಿಯಾ. ಅದಕ್ಕೆ ಹೊರಗೊಂದು ಪೊರೆ ಜಾಸ್ತಿ ಇದೆ, ಗಿಡದ ಎಷ್ಟೋ ಅಂಶಗಳು ಅದನ್ನು ಸುಲಭವಾಗಿ ದಾಟುವುದಿಲ್ಲ.

ಆದರೆ ಎಲೆಯನ್ನು ಓವನ್‌ನಲ್ಲಿ 60 ಡಿಗ್ರಿಗೆ ಇಟ್ಟು ಒಣಗಿಸಿದೆ ಅಂದಿರಲ್ಲ, ನನ್ನ ಅನುಮಾನ ಅಲ್ಲೇ. ಎಲೆ ಹಿಚುಕಿದರೆ ಓಮದ ಹಾಗೆ ಮೂಗಿಗೆ ಹೊಡೆಯುವ ಘಾಟು ಕಾರ್ವಕ್ರೋಲ್, ಥೈಮಾಲ್‌ಗಳದು. ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ಇವುಗಳ ಪಾಲು ದೊಡ್ಡದು, ಬಿಸಿಗೆ ಹಾರಿಹೋಗುತ್ತವೆ. ನಿಮ್ಮ ಪುಡಿಯನ್ನು ಒಮ್ಮೆ ಮೂಸಿ ನೋಡಿ. ಘಾಟೇ ಇಲ್ಲ ಅಂದ್ರೆ ಮುಖ್ಯ ಸರಕೇ ಹೋಗಿದೆ. ಮುಂದಿನ ಸಲ ನೆರಳಲ್ಲಿ ಒಣಗಿಸಿ. ಸಾರದಿಂದ ಮೆಥನಾಲ್ ಆವಿ ಮಾಡಿ ತೆಗೆಯುವ ರೋಟರಿ ಇವಾಪರೇಟರ್‌ನಲ್ಲೂ ಬಿಸಿ ಜಾಸ್ತಿ ಮಾಡಬೇಡಿ.

ಎಣ್ಣೆಯಂಥ ಅಂಶಗಳು ತಟ್ಟೆಯ ಅಗಾರ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಸರಿಯಾಗಿ ಹರಡುವುದೂ ಇಲ್ಲ. ಹಾಗಾಗಿ ವಲಯದ ಮಿಲಿಮೀಟರ್ ಮಾತ್ರ ನಂಬಬೇಡಿ. 96 ಗುಳಿಯ ತಟ್ಟೆಯಲ್ಲಿ ಎಂಐಸಿ (ಬೆಳವಣಿಗೆ ತಡೆಯುವ ಅತಿ ಕಡಿಮೆ ಪ್ರಮಾಣ) ನೋಡಿ, ಕೊನೆಗೆ ರೆಸಜುರಿನ್ ಅನ್ನೋ ನೀಲಿ ಬಣ್ಣ ಹಾಕಿ. ಗುಲಾಬಿ ಆದರೆ ಬ್ಯಾಕ್ಟೀರಿಯಾ ಬದುಕಿದೆ, ನೀಲಿಯೇ ಉಳಿದರೆ ಬೆಳೆದಿಲ್ಲ. ಸಾರ ಇಲ್ಲದೆ, ಅದನ್ನು ಕರಗಿಸುವ ದ್ರಾವಕ ಡಿಎಂಎಸ್‌ಓ ಮಾತ್ರ ಹಾಕಿದ ಗುಳಿ ಇರಲೇಬೇಕು. ಅದನ್ನು ಬಿಟ್ಟು ನಾನೊಮ್ಮೆ ಎರಡು ವಾರದ ಕೆಲಸ ಮತ್ತೆ ಮಾಡಿದ್ದೇನೆ!

ಡಿಪಿಪಿಎಚ್ ಪರೀಕ್ಷೆಯ (ನೇರಳೆ ಬಣ್ಣದ ಡಿಪಿಪಿಎಚ್ ಎಷ್ಟು ಮಾಸುತ್ತದೆ ಅಂತ ನೋಡಿ ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯುವುದು) ಬಗ್ಗೆಯೂ ಕೇಳಿದ್ದೀರಿ. ಅದರಲ್ಲಿ ಸಾರ ಹೆಚ್ಚಿಸಿದಷ್ಟೂ ಆ ಶಕ್ತಿಯ ಶೇಕಡಾ ಇಳಿಯುವುದಕ್ಕೆ ಬಹುಶಃ ಸಾರದ ಹಸಿರು ಬಣ್ಣವೇ ಕಾರಣ. ಅದೂ 517 ನ್ಯಾನೋಮೀಟರ್‌ನಲ್ಲಿ ಸ್ವಲ್ಪ ಬೆಳಕು ಹೀರುತ್ತದೆ. ಪ್ರತಿ ಪ್ರಮಾಣಕ್ಕೂ ಡಿಪಿಪಿಎಚ್ ಇಲ್ಲದೆ ಬರೀ ಸಾರ, ಮೆಥನಾಲ್ ಬೆರೆಸಿ ಓದಿ, ಆ ಅಂಕಿ ಕಳೆಯಿರಿ.