ನಡುಗಡಲಲ್ಲಿ ದೋಣಿ ತೂತಾದರೆ ಬಕೆಟ್ ಒಂದಿದ್ದರೆ ಸಾಕಾ?

ಮಂಜೇಶ್ವರದಿಂದ ಅಣ್ಣನ ಫೈಬರ್ ದೋಣಿಯಲ್ಲಿ ಮೀನಿಗೆ ಹೋಗುತ್ತೇನೆ, ತೂತಾದರೆ ಗೋರಲು ಬಕೆಟ್ ಇದೆ, ಅದು ಸಾಕಾ ಅಂತ ಕೇಳಿದ್ದೀರಿ. ಸಾಲದು. ಬಕೆಟ್ ಬೇಕೇ ಬೇಕು, ಆದರೆ ಅದು ಎರಡನೆಯ ಕೆಲಸ. ಮೊದಲು ತೂತಿಗೆ ಏನಾದರೂ ತುರುಕಬೇಕು.

ನಾನು ಕುಂಬಳೆ ಕಡೆಯವನು. ಅಪ್ಪನ ಜೊತೆ ಹೋಗುತ್ತಿದ್ದ ಕಾಲದಲ್ಲಿ ಒಮ್ಮೆ ನಮ್ಮ ದೋಣಿಗೆ ತೆಂಗಿನ ಮರ ಬಡಿಯಿತು. ಹೊಳೆಯಲ್ಲಿ ನೆರೆ ಬಂದ ಮರುದಿನ ಇಂಥ ಮರಗಳು ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ, ದಾಟಿ ಕಡಲಿಗೆ ಬರುತ್ತವೆ, ನಿಮಗೂ ಗೊತ್ತಿರಬಹುದು. ನೀರಿನ ಮಟ್ಟಕ್ಕೇ ತೇಲುವುದರಿಂದ ಕಣ್ಣಿಗೆ ಬೀಳುವುದಿಲ್ಲ. ದೋಣಿಯ ಮೂತಿ, ಅಂದರೆ ಮುಂತುದಿ, ಬಲಗಡೆ ಒಂದು ಗೇಣು ಸೀಳಿತು. ನಾನು ಸೀದಾ ಬಕೆಟ್ ಹಿಡಿದೆ. ಗೋರಿದಷ್ಟೂ ನೀರು ಏರುತ್ತಲೇ ಇತ್ತು. ಅಪ್ಪ ಹಿಂದಿನಿಂದ ಕೂಗಿದರು: "ಬಕೆಟ್ ಬಿಡು, ಬೈರಾಸು ತುರುಕು!" ಬೈರಾಸು ಅಂದರೆ ಟವೆಲು.

ಅವರು ಹೇಳಿದ್ದು ಯಾಕೆ ಸರಿ ಅಂತ ಆಮೇಲೆ ಲೆಕ್ಕ ಹಾಕಿ ನೋಡಿದೆ. ನೀರಿನ ಮಟ್ಟದಿಂದ ಒಂದು ಅಡಿ ಕೆಳಗೆ 2 ಇಂಚು ಅಗಲದ ತೂತಾದರೆ ನಿಮಿಷಕ್ಕೆ ಸುಮಾರು 170 ಲೀಟರ್ ನೀರು ಒಳಗೆ ಬರುತ್ತದೆ. ಅಂದರೆ 10 ಲೀಟರಿನ 17 ಬಕೆಟ್. ಒಬ್ಬ ಆಳು ಇಷ್ಟನ್ನು ಒಂದೆರಡು ನಿಮಿಷ ಗೋರಬಹುದೇನೋ, ಆಮೇಲೆ ತೋಳು ಸೋಲುತ್ತದೆ. ತೂತು 4 ಇಂಚಾದರೆ ನೀರು ಎರಡು ಪಾಲಲ್ಲ, ನಾಲ್ಕು ಪಾಲು. ಆದರೆ ಅದೇ 2 ಇಂಚಿನ ತೂತಿನ ಮುಕ್ಕಾಲು ಭಾಗವನ್ನು ಬಟ್ಟೆ ಮುಚ್ಚಿದರೂ ಸಾಕು, ನಿಮಿಷಕ್ಕೆ ನಾಲ್ಕೈದು ಬಕೆಟಿಗೆ ಇಳಿಯುತ್ತದೆ. ಅದನ್ನು ಗೋರಿ ಗೆಲ್ಲಬಹುದು. ಪೂರ್ತಿ ಮುಚ್ಚಬೇಕು ಅಂತ ಹಟ ಹಿಡಿಯಬೇಡಿ.

ಎಂಜಿನ್ ನಿಧಾನ ಮಾಡಿ. ಮೂತಿಯಲ್ಲಿ ತೂತಿದ್ದರೆ ಓಟ ಜಾಸ್ತಿಯಾದಷ್ಟೂ ನೀರು ನುಗ್ಗುತ್ತದೆ. ಬಡಿದ ವಸ್ತು ತೂತಿನಲ್ಲೇ ಸಿಕ್ಕಿಕೊಂಡಿದ್ದರೆ ಎಳೆಯಬೇಡಿ, ಅದೇ ಈಗ ನಿಮ್ಮ ಬೂಚು. ದುಂಡಗಿನ ತೂತಿಗೆ ಮೆದು ಮರದ, ಒಂದು ತುದಿ ಚೂಪಾದ ಬೆಣೆ ಒಳ್ಳೆಯದು, ನೀರು ಕುಡಿದು ಉಬ್ಬಿ ಬಿಗಿಯಾಗುತ್ತದೆ. ಫೈಬರಿಗೆ ಮಾತ್ರ ಸುತ್ತಿಗೆಯಿಂದ ಜೋರಾಗಿ ಹೊಡೆಯಬಾರದು, ಸೀಳು ಬೆಳೆಯುತ್ತದೆ. ಉದ್ದ ಸೀಳಿಗೆ ಬೆಣೆ ಆಗುವುದಿಲ್ಲ. ಬಟ್ಟೆಯ ಪಟ್ಟಿಗಳನ್ನು ಚೂರಿಯ ಬೆನ್ನಿನಿಂದ ಒಳಗೆ ಒತ್ತಿ, ಮೇಲೆ ಹಲಗೆ ಇಟ್ಟು, ಹುಟ್ಟನ್ನು ಅಡ್ಡ ಆನಿಸಿ ಬಿಗಿ ಮಾಡಿ.

ಒಳಗಿನಿಂದ ತುರುಕಿದ್ದನ್ನು ಹೊರಗಿನ ನೀರು ಒಳಕ್ಕೆ ತಳ್ಳುತ್ತಲೇ ಇರುತ್ತದೆ. ಹೊರಗಿನಿಂದ ಹಾಕಿದ್ದನ್ನು ಅದೇ ನೀರು ದೋಣಿಗೆ ಒತ್ತಿ ಹಿಡಿಯುತ್ತದೆ. ಹಾಗಾಗಿ ಟಾರ್ಪಾಲಿನ ನಾಲ್ಕು ಮೂಲೆಗೂ ಹಗ್ಗ ಕಟ್ಟಿ, ಮೂತಿಯ ಕಡೆಯಿಂದ ಅಡಿಗೆ ಇಳಿಸಿ, ತೂತಿನ ಮೇಲೆ ಎಳೆದು ಎರಡೂ ಬದಿಗೆ ಬಿಗಿಯಿರಿ. ಆಗ ಎಂಜಿನ್ ಪೂರ್ತಿ ನಿಂತಿರಲಿ, ಹಗ್ಗ ಎಂಜಿನ್ನಿನ ಫ್ಯಾನಿಗೆ ಸುತ್ತಿದರೆ ಮತ್ತೊಂದು ಕಷ್ಟ. ಹಳೇ ಹಾಯಿ ಹಡಗಿನವರೂ ಇದನ್ನೇ ಮಾಡುತ್ತಿದ್ದರು. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಎಂಡೆವರ್ ಹಡಗು ಆಸ್ಟ್ರೇಲಿಯಾದ ಹವಳದ ದಿಬ್ಬಕ್ಕೆ ಬಡಿದಾಗ, ಹಾಯಿಗೆ ಉಣ್ಣೆ ಮತ್ತು ನಾರು ಮೆತ್ತಿ ಅಡಿಗೆ ಎಳೆದರು. ಸೋರಿಕೆ ಹತೋಟಿಗೆ ಬಂತು. ಮುರಿದ ಹವಳದ ತುಂಡೊಂದು ತೂತಿನಲ್ಲೇ ಉಳಿದಿದ್ದೂ ಅವರನ್ನು ಕಾಪಾಡಿತು.

ತೂತು ಬದಿಯಲ್ಲಿದ್ದರೆ ಬಲೆ, ಐಸು, ಮೀನು ಎಲ್ಲವನ್ನೂ ಎದುರು ಬದಿಗೆ ಸರಿಸಿ. ನಮ್ಮ ಸೀಳು ಅರ್ಧ ಮೇಲೆ ಬಂದಿದ್ದು ಹಾಗೇ. ನಿಧಾನವಾಗಿ ಸರಿಸಿ, ಕೂತುಕೊಂಡೇ ಸರಿಸಿ. ಒಳಗೆ ನೀರಿರುವ ದೋಣಿ ಒಂದು ಕಡೆ ವಾಲಿದರೆ ನೀರೂ ಅದೇ ಕಡೆ ಓಡಿ ಮಗುಚಿಬಿಡಬಹುದು.

ಒಬ್ಬರು ತುರುಕುವಾಗ ಇನ್ನೊಬ್ಬರು ಸುದ್ದಿ ಕೊಡಬೇಕು. ಕೋಸ್ಟ್ ಗಾರ್ಡಿನ ನಂಬರು 1554, ವಿಎಚ್‌ಎಫ್ ರೇಡಿಯೊ ಇದ್ದರೆ 16ನೇ ಚಾನೆಲ್. ಗೆಲ್ಲುತ್ತೇವೆ ಅನಿಸಿದರೂ ಹೇಳಿ. ಲೈಫ್ ಜಾಕೆಟ್ ಎಲ್ಲರ ಮೈಮೇಲೆ ಇರಲಿ, ಪೆಟ್ಟಿಗೆಯಲ್ಲಿ ಅಲ್ಲ. ದಯವಿಟ್ಟು ಇದನ್ನು ಅಣ್ಣನಿಗೂ ಹೇಳಿ. ದೋಣಿ ಮಗುಚಿದರೂ ತೇಲುತ್ತಿರುವಷ್ಟು ಹೊತ್ತು ಅದನ್ನೇ ಹಿಡಿದುಕೊಳ್ಳಿ. ದಡ ಕಾಣುತ್ತಿದೆ ಅಂತ ಈಜಲು ಹೋಗಬೇಡಿ. ಹುಡುಕುವವರಿಗೆ ತಲೆಗಿಂತ ದೋಣಿ ಬೇಗ ಕಾಣುತ್ತದೆ.

ಇನ್ನೊಂದು ಮಾತು ಅಳಿವೆಯದ್ದು. ಅರ್ಧ ನೀರು ತುಂಬಿದ ದೋಣಿಯನ್ನು ಅಳಿವೆಗೆ ನುಗ್ಗಿಸಬೇಡಿ. ಅಲೆ ಒಡೆಯುವ ಜಾಗದಲ್ಲಿ ಭಾರದ ದೋಣಿ ಮಾತು ಕೇಳುವುದಿಲ್ಲ. ಹೊರಗೇ ನಿಂತು ಗೋರಿ ಹಗುರ ಮಾಡಿ, ಇಲ್ಲವೇ ಬೇರೆ ದೋಣಿಗೆ ಕಾಯಿರಿ. ನಾವು ಆ ದಿನ ಹೊರಗೆ ಒಂದು ಗಂಟೆ ಕಾದೆವು. ನಮ್ಮೂರಿನದೇ ದೋಣಿ ಬಂದು ಹಗ್ಗ ಕೊಟ್ಟಿತು. ಟಾರ್ಪಾಲು ಕಳಚದ ಹಾಗೆ ನಡೆಯುವಷ್ಟು ನಿಧಾನಕ್ಕೆ ಎಳೆದರು. ನಾನು ದಡದ ಮರಳು ತಾಗುವವರೆಗೂ ಆ ಬೈರಾಸನ್ನು ಹಿಮ್ಮಡಿಯಿಂದ ಒತ್ತಿಕೊಂಡೇ ಕೂತಿದ್ದೆ.