ಬೆಳ್ಳಿ ಫಿಲ್ಲಿಂಗ್ ಮುರಿದು ಹೊಟ್ಟೆಗೆ ಹೋಯ್ತು, ಮಗುಗೆ ಹಾಲು ಕೊಡಬಹುದಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಾವಿರೋದು ಡೊಂಬಿವಲಿಯಲ್ಲಿ, ಊರು ಕುಂದಾಪುರದ ಹತ್ರ. ಮಗಳಿಗೆ ನಾಲ್ಕು ತಿಂಗಳು, ಬರೀ ಎದೆಹಾಲೇ ಕುಡಿಯೋದು. ಹೋದ ವಾರ ಚಕ್ಕುಲಿ ತಿಂತಿದ್ದಾಗ, ಹತ್ತು ವರ್ಷದ ಹಿಂದೆ ದವಡೆ ಹಲ್ಲಿಗೆ ತುಂಬಿಸಿದ್ದ ಬೆಳ್ಳಿ ಬಣ್ಣದ ಸಿಮೆಂಟು ಕಟಕ್ ಅಂತ ಮುರೀತು, ಅರ್ಧ ಕೈಗೆ ಸಿಕ್ತು, ಇನ್ನರ್ಧ ನುಂಗಿದೀನಿ ಅನ್ಸುತ್ತೆ. ಅದರಲ್ಲಿ ಪಾದರಸ ಇರುತ್ತೆ ಅಂತ ನಾದಿನಿ ವಾಟ್ಸಾಪಲ್ಲಿ ಒಂದು ವಿಡಿಯೋ ಕಳಿಸಿದ್ಲು, ಅವತ್ತಿಂದ ಅತ್ತೆ ಮಗುಗೆ ಹಾಲು ಕೊಡಬೇಡ ಅಂತಿದಾರೆ. ಇಲ್ಲೇ ಒಂದು ಕ್ಲಿನಿಕ್ಕಿಗೆ ಹೋದ್ರೆ ಬಾಯಲ್ಲಿರೋ ನಾಲ್ಕೂ ಬೆಳ್ಳಿ ಫಿಲ್ಲಿಂಗ್ ತೆಗೆಸಿ, ಒಂದು ತಿಂಗಳು ಹಾಲು ನಿಲ್ಲಿಸಿ ಅಂದ್ರು. ಎರಡು ದಿನದಿಂದ ಹಾಲು ಹಿಂಡಿ ಸಿಂಕಿಗೆ ಚೆಲ್ತಿದೀನಿ, ಡಬ್ಬಿ ಹಾಲು ಅವಳು ಬಾಯಿಗೇ ತಗೋತಿಲ್ಲ. ಏನು ಮಾಡ್ಲಿ?

ಉತ್ತರ: ತಾಯಿ, ಇದನ್ನ ಓದೋದು ಆಮೇಲೂ ಆಗುತ್ತೆ, ಮೊದಲು ಮಗುನ ಎತ್ಕೊಂಡು ಹಾಲು ಕೊಡಿ. ಧೈರ್ಯವಾಗಿ ಕೊಡಿ. ನಿಮ್ಮ ಪತ್ರ ಓದಿದಾಗ ನಂಗೆ ಹೊಟ್ಟೆ ಉರಿದಿದ್ದು ಆ ಮುರಿದ ಫಿಲ್ಲಿಂಗಿಗಲ್ಲ, ಸಿಂಕಿಗೆ ಹೋದ ಆ ಎರಡು ದಿನದ ಹಾಲಿಗೆ.

ನಾದಿನಿ ಹೇಳಿದ್ದು ಸುಳ್ಳಲ್ಲ. ನಾವು ಅಮಾಲ್ಗಮ್ ಅನ್ನೋ ಆ ಬೆಳ್ಳಿ ಫಿಲ್ಲಿಂಗಿನ ತೂಕದಲ್ಲಿ ಸುಮಾರು ಅರ್ಧ ಪಾದರಸವೇ, ಉಳಿದಿದ್ದು ಬೆಳ್ಳಿ, ತವರ, ತಾಮ್ರ. ಆದರೆ ಗಟ್ಟಿಯಾದ ಮೇಲೆ ಪಾದರಸ ಆ ಲೋಹಗಳ ಜೊತೆ ಬೆರೆತು ಕೂತಿರುತ್ತೆ, ಥರ್ಮಾಮೀಟರ್ ಒಡೆದಾಗ ನೆಲದ ಮೇಲೆ ಉರುಳಾಡುತ್ತಲ್ಲ ಆ ತರ ಇರಲ್ಲ. ಇನ್ನೊಂದು, ಲೋಹದ ರೂಪದ ಪಾದರಸ ಹೊಟ್ಟೆಗೆ ಹೋದ್ರೆ ಕರುಳು ಅದನ್ನ ಹೀರ್ಕೊಳ್ಳೋದೇ ಇಲ್ಲ ಅನ್ನಬಹುದು, ನೂರಕ್ಕೆ 0.01 ಭಾಗಕ್ಕಿಂತಲೂ ಕಮ್ಮಿ. ನೀವು ನುಂಗಿದ ಚೂರು ಆಗಲೇ ಹೊರಗೆ ಹೋಗಿರುತ್ತೆ. ಅದೇ ಪಾದರಸ ಆವಿಯಾಗಿ ಉಸಿರಲ್ಲಿ ಒಳಗೆ ಹೋದ್ರೆ ಮಾತ್ರ ಶ್ವಾಸಕೋಶ ನೂರಕ್ಕೆ ಎಂಬತ್ತರಷ್ಟು ಹೀರ್ಕೊಂಡುಬಿಡುತ್ತೆ. ಇದೊಂದು ವ್ಯತ್ಯಾಸ ಅತ್ತೆಯವರಿಗೆ ಕೂರಿಸಿ ಹೇಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಅದಕ್ಕೇ ನಾಲ್ಕೂ ಕಿತ್ತಾಕಿ ಅಂದ ಮಾತು ನಂಗೆ ಸರಿ ಕಾಣಲಿಲ್ಲ. ಆವಿ ಜಾಸ್ತಿ ಏಳೋದು ಫಿಲ್ಲಿಂಗನ್ನ ಡ್ರಿಲ್ ಹಾಕಿ ಕೊರೆಯುವಾಗ. ಸುಮ್ಮನೆ ಗಟ್ಟಿಯಾಗಿ ಕೂತಿರೋ ಮೂರು ಫಿಲ್ಲಿಂಗನ್ನ ಕೆದಕಿ, ಇಲ್ಲದ ಆವಿ ಎಬ್ಬಿಸೋದು ಯಾಕೆ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಕೊಟ್ಟ ಸಲಹೆಯೂ ಇದೇ, ಗರ್ಭಿಣಿಯರಿಗೆ, ಹಾಲೂಡಿಸೋ ತಾಯಂದಿರಿಗೆ, ಆರು ವರ್ಷದೊಳಗಿನ ಮಕ್ಕಳಿಗೆ ಆದಷ್ಟೂ ಹೊಸದಾಗಿ ಅಮಾಲ್ಗಮ್ ಹಾಕಬೇಡಿ, ಆದ್ರೆ ಚೆನ್ನಾಗಿರೋ ಹಳೇದನ್ನ ಸುಮ್ಸುಮ್ನೆ ತೆಗೀಬೇಡಿ ಅಂತ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 2018ರಿಂದಲೇ ಹಾಲೂಡಿಸೋ ತಾಯಂದಿರಿಗೆ ಇದನ್ನ ಹಾಕೋದು ನಿಂತಿದೆ, 2025ರಿಂದ ಬಹುಮಟ್ಟಿಗೆ ಎಲ್ಲರಿಗೂ. ಇದನ್ನ ಓದಿ ನನ್ನ ಬಾಯಲ್ಲಿರೋದೆಲ್ಲ ವಿಷ ಅಂತ ಗಾಬರಿ ಆಗಬೇಡಿ. ಪಾದರಸ ಕೊನೆಗೆ ನೀರಿಗೆ, ಮೀನಿಗೆ ಸೇರುತ್ತಲ್ಲ, ಆ ಕಾಳಜಿಯೂ ಆ ನಿಯಮದ ಹಿಂದೆ ದೊಡ್ಡದಾಗಿದೆ.

ಮುರಿದ ಹಲ್ಲನ್ನ ಮಾತ್ರ ಹಾಗೇ ಬಿಡಬೇಡಿ. ತೆರೆದ ಗುಳಿಯಲ್ಲಿ ಅನ್ನದಗಳು ಕೂತು ಹುಳುಕು ನರದವರೆಗೆ ಇಳಿದ್ರೆ ರಾತ್ರಿಯಿಡೀ ನೋವು, ಆಮೇಲೆ ಮುಖ ಊತ, ಜ್ವರ, ಬಾಣಂತಿಗೆ ಅದು ಯಾಕೆ ಬೇಕು. ಡಾಕ್ಟರಿಗೆ ಮೊದಲೇ ಹೇಳಿ, ನಾನು ಹಾಲು ಕೊಡ್ತಿದೀನಿ, ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಅನ್ನೋ ತೆಳು ರಬ್ಬರ್ ಹಾಳೆ ಹಾಕಿ, ಜೋರಾಗಿ ನೀರು ಬಿಟ್ಟು, ದೊಡ್ಡ ಸಕ್ಷನ್ ಇಟ್ಟು ತೆಗೀರಿ, ಪೂರ್ತಿ ಪುಡಿ ಮಾಡೋ ಬದಲು ತುಂಡು ತುಂಡಾಗಿ ಎಬ್ಬಿಸಿ ಅಂತ. ಹೀಗೆ ಕೇಳೋದಕ್ಕೆ ಸಂಕೋಚ ಬೇಡ, ಒಳ್ಳೆ ಡಾಕ್ಟರ್ ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ. ಆ ಜಾಗಕ್ಕೆ ಹಲ್ಲಿನ ಬಣ್ಣದ ಕಾಂಪೋಸಿಟ್ ಅಥವಾ ಗ್ಲಾಸ್ ಅಯೋನೋಮರ್ ಹಾಕಿಸ್ಕೊಳ್ಳಿ. ಖರ್ಚಿನ ಚಿಂತೆ ಇದ್ರೆ ಮುಂಬೈಯ ದೊಡ್ಡ ರೈಲು ನಿಲ್ದಾಣ ಸಿಎಸ್‌ಎಂಟಿ ಹತ್ರ ಸರ್ಕಾರಿ ಡೆಂಟಲ್ ಕಾಲೇಜಿದೆ, ಮುಂಬೈ ಸೆಂಟ್ರಲ್ ಕಡೆ ನಾಯರ್ ಡೆಂಟಲ್ ಕಾಲೇಜಿದೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಒಂದೇ ಲೋಕಲ್ ಸಾಕು, ಬೆಳಗಿನ ರಶ್ ಇಳಿದ ಮೇಲೆ ಹೊರಡಿ, ಹೊರಡೋ ಮುಂಚೆ ಮಗುಗೆ ಹೊಟ್ಟೆ ತುಂಬಾ ಕುಡಿಸಿ.

ಜುಮ್ಮು ಹಿಡಿಸೋ ಇಂಜೆಕ್ಷನ್ ಲಿಗ್ನೋಕೇನ್ ಹಾಲಿಗೆ ಬರೋದು ತೀರಾ ಕಮ್ಮಿ, ಮಗುಗೆ ಏನೂ ಆಗಲ್ಲ. ಕುರ್ಚಿಯಿಂದ ಇಳಿದು ತುಟಿ ಇನ್ನೂ ದಪ್ಪ ಅನ್ನಿಸ್ತಿರುವಾಗಲೇ ಕುಡಿಸಬಹುದು, ಹಿಂಡಿ ಚೆಲ್ಲೋದು ಬೇಡವೇ ಬೇಡ. ನೋವಿಗೆ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಸಾಕು, ಎಷ್ಟು ಅಂತ ಡಾಕ್ಟರನ್ನೇ ಕೇಳಿ. ಮೆಡಿಕಲ್‌ನವರು ಕೇಳಿದ ತಕ್ಷಣ ಕೊಡೋ ನಿಮೆಸುಲೈಡ್ ಬೇಡ, ಆಸ್ಪಿರಿನ್ ಬೇಡ, ಟ್ರಾಮಡಾಲ್, ಕೋಡೀನ್ ಇರೋ ಮಾತ್ರೆಯಂತೂ ಮುಟ್ಟಲೇಬೇಡಿ, ಕೆಲವು ತಾಯಂದಿರ ಮೈಯಲ್ಲಿ ಅವು ಬೇಗ ಜೋರಾದ ಔಷಧಿಯಾಗಿ ಬದಲಾಗಿ ಹಾಲಿನ ಮೂಲಕ ಮಗುವಿನ ಉಸಿರಾಟವೇ ಮಂಕಾಗಬಹುದು.

ಕೈಗೆ ಸಿಕ್ಕ ಆ ಅರ್ಧ ಚೂರನ್ನ ಏನು ಮಾಡಿದ್ರಿ ಅಂತ ನೀವು ಬರೆದಿಲ್ಲ. ಒಂದು ಮುಚ್ಚಳದ ಡಬ್ಬಿಗೆ ಹಾಕಿ, ಮಗುವಿನ ಕೈಗೆ ಸಿಗದ ಹಾಗೆ ಎತ್ತಿಟ್ಟು ಡಾಕ್ಟರಿಗೇ ಕೊಟ್ಟುಬಿಡಿ. ಬೆಳ್ಳಿ ಇದೆಯಾ ನೋಡೋಣ ಅಂತ ಯಾರೂ ಗ್ಯಾಸಿನ ಮೇಲೆ ಕಾಯಿಸಬಾರದು, ನಾನು ಹೇಳಿದ ಆ ಆವಿ ಏಳೋದೇ ಹಾಗೆ. ಇನ್ನು, ಫಿಲ್ಲಿಂಗ್ ಮುರಿದಾಗಿಂದ ನಿಲ್ಲದ ಕೆಮ್ಮು, ಉಸಿರಾಡಿದ್ರೆ ಸುಯ್ ಅನ್ನೋ ಸದ್ದು, ಎದೆನೋವು ಇದ್ರೆ ಚೂರು ಹೊಟ್ಟೆ ಬಿಟ್ಟು ಶ್ವಾಸನಾಳಕ್ಕೆ ಹೋಗಿರಬಹುದು, ಆಗ ಅವತ್ತೇ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ.

ಒಂದು ಮಾತು ನೀವು ಕೇಳದಿದ್ರೂ ಹೇಳ್ತೀನಿ, ಕುಂದಾಪುರದವರು ಅಂದ್ರಲ್ಲ. ಪಾದರಸದಿಂದ ಮಕ್ಕಳಿಗೆ ಕೇಡಾಯ್ತು ಅಂತ ಜಗತ್ತಿಗೆ ಗೊತ್ತಾಗಿದ್ದು ಜಪಾನಿನ ಮಿನಮಾಟಾದಲ್ಲಿ, 1956ರಲ್ಲಿ ಅಲ್ಲಿನ ಕಾಯಿಲೆ ಬೆಳಕಿಗೆ ಬಂತು. ಕಾರ್ಖಾನೆ ನೀರು ಸಮುದ್ರಕ್ಕೆ ಸೇರಿ, ಮೀನಿಗೆ ಬಂದು, ಆ ಮೀನು ತಿಂದವರಿಗೆ ಆಗಿದ್ದು ಅದು. ಮೀನಲ್ಲಿರೋದು ಮಿಥೈಲ್ ಪಾದರಸ, ಅದನ್ನ ಕರುಳು ಹೆಚ್ಚುಕಮ್ಮಿ ಪೂರ್ತಿ ಹೀರುತ್ತೆ, ಮಗುವಿನ ಮಿದುಳಿಗೆ ಅದೇ ಅಪಾಯ. ದೊಡ್ಡ ಮೀನು ಚಿಕ್ಕದನ್ನ ತಿಂದು ತಿಂದು ಅದರ ಮೈಯಲ್ಲಿ ಇದು ಸೇರ್ತಾ ಹೋಗುತ್ತೆ. ಹಾಲು ಹೆಚ್ಚಲಿ ಅಂತ ನಮ್ಮ ಕರಾವಳಿಯಲ್ಲಿ, ಇಲ್ಲಿ ಕೊಂಕಣದಲ್ಲೂ, ಬಾಣಂತಿಗೆ ಶಾರ್ಕ್ ಮೀನಿನ ಸಾರು ಮಾಡಿಕೊಡ್ತಾರೆ, ಪ್ರೀತಿಯಿಂದಲೇ ಮಾಡ್ತಾರೆ, ಆದ್ರೆ ದೊಡ್ಡ ಶಾರ್ಕ್, ದೊಡ್ಡ ಗಾತ್ರದ ಅಂಜಲ್ ಸದ್ಯಕ್ಕೆ ಬಿಟ್ಟುಬಿಡಿ. ಬೂತಾಯಿ, ಬಂಗುಡೆ, ಸಿಗಡಿ ಧಾರಾಳವಾಗಿ ತಿನ್ನಿ, ಮಗುವಿನ ಮಿದುಳಿಗೆ ಬೇಕಾದ ಒಳ್ಳೆ ಕೊಬ್ಬು ಬೂತಾಯಿ, ಬಂಗುಡೆಯಲ್ಲಿ ಬೇಕಾದಷ್ಟಿದೆ.

ಎರಡು ದಿನ ಬಿಟ್ಟಿದ್ದಕ್ಕೆ ಹಾಲು ಕಮ್ಮಿ ಆಗಿದೆ ಅನ್ನಿಸಿದ್ರೆ ಪದೇ ಪದೇ ಎದೆಗೆ ಹಚ್ಚಿ, ರಾತ್ರಿನೂ ಹಚ್ಚಿ, ಮಗು ಚೀಪಿದಷ್ಟೂ ಹಾಲು ಇಳಿಯುತ್ತೆ. ನೀವು ಹಿಂಡ್ತಾನೇ ಇದ್ರಿ, ಅದು ಒಳ್ಳೇದಾಯ್ತು.

ಪ್ರಶ್ನೆ: ಪುಣೆಯ ಚಿಂಚವಡದಿಂದ ಬರೀತಿದೀನಿ. ಮಗನಿಗೆ ಎಂಟು ತಿಂಗಳು. ರೂಟ್ ಕೆನಾಲ್‌ಗೆ ಎರಡು ಸಲ ಎಕ್ಸ್‌ರೇ ತೆಗೆದ್ರು, ಹಾಲು ಕೆಟ್ಟಿರುತ್ತಾ? ಅಮಾಕ್ಸಿಸಿಲಿನ್ ಕೂಡ ಬರ್ಕೊಟ್ಟಿದಾರೆ.

ಉತ್ತರ: ಎಕ್ಸ್‌ರೇ ಹಾಲಲ್ಲಿ ಉಳಿಯೋ ವಸ್ತುವೇ ಅಲ್ಲ, ಮನೆಗೆ ಹೋದ ತಕ್ಷಣ ಕುಡಿಸಿ. ಅಮಾಕ್ಸಿಸಿಲಿನ್ ತಗೋಬಹುದು, ಬರೆದಷ್ಟು ದಿನ ಪೂರ್ತಿ ತಗೊಳ್ಳಿ. ಮಗನಿಗೆ ಸ್ವಲ್ಪ ಭೇದಿ ಅಥವಾ ಬಾಯಲ್ಲಿ ಬಿಳಿ ಪದರ ಕಂಡ್ರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಎಂಟು ತಿಂಗಳಿಗೆ ಗಂಜಿ, ರಾಗಿ ಸರಿ ಶುರುವಾಗಿರುತ್ತೆ, ನೀವು ಬಾಯಿಗಿಟ್ಟ ಚಮಚ ಅವನ ಬಾಯಿಗೆ ಇಡಬೇಡಿ, ಹುಳುಕು ಮಾಡೋ ಕೀಟಾಣು ತಾಯಿಯ ಎಂಜಲಿಂದ ಮಗುವಿನ ಹೊಸ ಹಲ್ಲಿಗೆ ಹೋಗಬಹುದು.